ಬಾವಿಗೆ ಮೂರು ಕಲ್ಲು

"ಏನ್ ಎಣಿಸ್ಲತ್ತಿ?" ಖಟಕ ಚಿಂಚೋಳಿಯ ಬಾವಿಕಟ್ಟೆಯ ಮೇಲೆ ಮೊಬೈಲ್ ಹಿಡಿದು ನಿಂತಿದ್ದ ನನ್ನನ್ನು ನೆರೆಮನೆಯ ಕಾಶೀಬಾಯಿ ಕೇಳಿದರು. ಬರದ ವರ್ಷ ಪುಣೆಗೆ ದುಡಿಯಲು ಹೋದ ಗೆಳತಿಯರೊಂದಿಗೆ ಒಂದೇ ತಂಡವಾಗಿ ಆಡುವ ಆನ್‌ಲೈನ್ ರೇಸ್ ಪಂದ್ಯ ಅಂದು ಇತ್ತು. ಆಟದ ಸಂಕೇತ ಹೋಗಿ ಮರಳಲು ಹಿಡಿಯುವ ಹೊತ್ತನ್ನು ಒಂದು ಸಲ ಅಳೆದಿದ್ದೆ: ನಲವತ್ತು ಮಿಲಿಸೆಕೆಂಡು; ಕಡಿಮೆಯಿದ್ದಷ್ಟೂ ಒಳ್ಳೆಯದು. ಇಲ್ಲೇ ಕೂತು ಆಡುತ್ತೇನೆ ಎಂದೆ.

ಕಾಶೀಬಾಯಿ ದಿನಾ ಬಾವಿಗೆ ಕಲ್ಲು ಒಗೆದು, ಸಪ್ಪಳ ಬರುವವರೆಗೆ ಎಣಿಸಿ, ನೀರು ಎಷ್ಟು ಇಳಿದಿದೆ ಎಂದು ಹೇಳುವವರು. "ಒಂದೇ ಕಲ್ಲು ನಂಬಬ್ಯಾಡವ್ವ. ಬಾವಿ ಗ್ವಾಡಿಗಿ ಬಡದ್ರ ನೀರ್ ಮುಟ್ಟೂ ಮೊದ್ಲೇ ಲಗೂನ ಸಪ್ಪಳ ಮಾಡ್ತದ. ಮೂರು ಒಗಿ," ಎಂದರು.

ಮತ್ತೆರಡು ಸಲ ಅಳೆದೆ. ಮುನ್ನೂರು, ನೂರೈವತ್ತು! ಮನೆಯ ಮಾಳಿಗೆ ಹತ್ತಿದೆ, ಅಲ್ಲಿ ಮೂರೂ ಸಲ ಎಂಬತ್ತು. ಅಲ್ಲಿಂದಲೇ ಆಡಿ ಗೆದ್ದೆವು; ಕಾಶೀಬಾಯಿಯ ಮಾತನ್ನು ಗೆಳತಿಯರಿಗೂ ಹೇಳಿದೆ.

ಈಗ ಪಂದ್ಯಕ್ಕೆ ಮುಂಚೆ ಗೆಳತಿಯರು ನೆಟ್‌ವರ್ಕ್ ಹೇಗಿದೆ ಎಂದು ಕೇಳುವುದಿಲ್ಲ. ಇದೇ ಬಾವಿಯ ನೀರು ಕುಡಿದು ಬೆಳೆದವರು, ಪುಣೆಯಿಂದ ಕೇಳುತ್ತಾರೆ: "ಮೂರ್ ಕಲ್ಲು ಒಗದೀಯೇನ?"