ಲೊರೆಲ್‌ಳ ಗೋಡೆ, ಕೊನೆಯ ನಾಲ್ಕು ಎಲೆ

ಶಾಲೆಯ ಮುಂದಿನ ರಸ್ತೆಯಲ್ಲಿ 'ನಿಲ್ಲಿ' ಎಂದು ಬರೆದ ಕೆಂಪು ಹಲಗೆ ಎತ್ತಿ ಹಿಡಿದು ಮಕ್ಕಳನ್ನು ದಾಟಿಸುವುದು ಲೊರೆಲ್ ಹಕ್‌ಸ್ಟೆಪ್‌ಳ ಕೆಲಸ. ಆಸ್ಟ್ರೇಲಿಯಾದ ದಕ್ಷಿಣ ತೀರದ ನಮ್ಮ ಪೋರ್ಟ್‌ಲ್ಯಾಂಡಿನಲ್ಲಿ ಅವಳ ಹಲಗೆಯ ಮುಂದೆ ನಿಂತು ಹಲ್ಲು ಕಡಿಯದ ಡ್ರೈವರ್ ಇಲ್ಲ. ಮಕ್ಕಳು ದಾಟಬೇಕು, ಅವರ ಹಿಂದೆ ಬಂದ ನಾಯಿ ದಾಟಬೇಕು, ನಾಯಿಯ ಒಡೆಯನ ಮಂಡಿನೋವು ಹೇಗಿದೆ ಎಂದು ವಿಚಾರಿಸಿಯೂ ಆಗಬೇಕು, ಆಮೇಲೆ ಹಲಗೆ ಇಳಿಯುತ್ತದೆ. ಹಾರ್ನ್ ಹೊಡೆದವನಿಗೆ ಇನ್ನಷ್ಟು ಹೊತ್ತು. ಒಂದು ಬೆಳಿಗ್ಗೆ ಪಾದ್ರಿಯೇ ಹಾರ್ನ್ ಹೊಡೆದರು, ಶವಸಂಸ್ಕಾರಕ್ಕೆ ತಡವಾಗುತ್ತಿದೆಯೆಂದು. "ಸತ್ತೋರಿಗೇನು ಅವಸರ ಫಾದರ್?" ಎಂದು ಲೊರೆಲ್ ದೂರದಲ್ಲಿ ಬರುತ್ತಿದ್ದ ಇನ್ನೊಂದು ಮಗುವಿಗಾಗಿ ಕಾದಳು.

ಇಂಥವಳು ಎಲೆ ಆಡಿದರೆ ಹೇಗೆ ಆಡಬಹುದೋ ಹಾಗೇ ಆಡುತ್ತಿದ್ದಳು. ಆಡುವುದು ಸ್ಪೈರೋನ ಅಂಗಡಿಯಲ್ಲಿ. ಮುಂದುಗಡೆ ಗಾಳ, ದಾರ, ಮೀನಿಗೆ ಹಾಕುವ ಹುಳು. ಹಿಂದಿನ ಕೋಣೆಯಲ್ಲಿ ಪ್ರತಿ ಶುಕ್ರವಾರ ಸಂಜೆ 'ಕೋಟೆ'. ಇಸ್ಪೀಟಲ್ಲ. ಮುಚ್ಚಿದ ಪೊಟ್ಟಣ ಕೊಂಡು, ಒಳಗೆ ಸಿಕ್ಕ ಕುದುರೆ, ಗೋಡೆ, ಜೌಗಿನ ಚಿತ್ರದ ಎಲೆಗಳಲ್ಲಿ ಒಳ್ಳೆಯದನ್ನು ಆರಿಸಿ, ಸಿಗದ್ದನ್ನು ಬೇರೆಯವರ ಜೊತೆ ಅದಲುಬದಲು ಮಾಡಿಕೊಂಡು, ಒಬ್ಬೊಬ್ಬರೂ ತಮ್ಮದೇ ಕಟ್ಟು ಕಟ್ಟಿಕೊಳ್ಳುವ ಆಟ. ಎದುರಾಳಿಯ ಕೋಟೆ ಒಡೆದರೆ ಗೆದ್ದಂತೆ. ಇಲ್ಲವೇ ಅವನ ಕಟ್ಟಿನಲ್ಲಿ ಎತ್ತಲು ಎಲೆಯೇ ಉಳಿಯದಿದ್ದರೂ ಗೆದ್ದಂತೆ. ನಾವೆಲ್ಲ ಕುದುರೆ ಓಡಿಸಿ ಕೋಟೆ ಒಡೆಯುವ ಜಾತಿ. ಲೊರೆಲ್ ಮಾತ್ರ ಗೋಡೆಯ ಮೇಲೆ ಗೋಡೆ ಕಟ್ಟಿ, ಮುಂದೆ ಜೌಗು ಹರವಿ, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು, ಎದುರಿನವನ ಎಲೆ ಮುಗಿಯುವವರೆಗೆ ತನ್ನ ತಂಗಿಯ ಕಥೆ ಹೇಳುತ್ತ ಕೂರುವವಳು. ಎಷ್ಟೋ ಜನ ಎಲೆ ಮುಗಿಯುವ ಮೊದಲೇ ಕಥೆ ತಾಳಲಾರದೆ ಸೋತೆವೆಂದು ಒಪ್ಪಿಕೊಂಡು ಎದ್ದು ಹೋಗಿದ್ದಾರೆ.

ನಾನು ಜೋರನ್, ಬಂದರಿನಲ್ಲಿ ಕ್ರೇನ್ ಓಡಿಸುವವನು. ನಾನೂ ಅವಳೂ ಒಂಬತ್ತು ವರ್ಷದ ಗೆಳೆಯರು, ಆದರೂ ಪಂದ್ಯದಲ್ಲಿ ಒಂದೇ ಒಂದು ಆಟವನ್ನೂ ಪೂರ್ತಿ ಆಡಿದವರಲ್ಲ. ಏಕೆಂದರೆ ನಮ್ಮಲ್ಲೊಂದು ಪದ್ಧತಿ ಇತ್ತು. ಗೆಳೆಯರಿಬ್ಬರು ಎದುರಾದರೆ "ಡ್ರಾ?" ಎನ್ನುವುದು, ಕೈ ಕುಲುಕುವುದು, ಇಬ್ಬರಿಗೂ ಅರ್ಧರ್ಧ ಅಂಕ ಬರೆಸಿ, ಮುಂದಿನ ಸುತ್ತಿನವರೆಗೆ ಎದುರಿನ ಅಂಗಡಿಯಲ್ಲಿ ಚಿಪ್ಸ್ ತಿನ್ನುವುದು. ಇದಕ್ಕಿಂತ ನಾಗರಿಕವಾದ ಪದ್ಧತಿ ಜಗತ್ತಿನಲ್ಲಿ ಇರಲಿಲ್ಲ. ಅದರ ಮೇಲೇ ಎಲೆ ಅಚ್ಚು ಹಾಕುವ ಕಂಪನಿಯವರ ಕಣ್ಣು ಬಿತ್ತು.

ಹೊಸ ನಿಯಮ ಓದಿ ಹೇಳಿದವನು ಸ್ಪೈರೋ, ಹುಳುವಿನ ಫ್ರೀಜರಿಗೆ ಒರಗಿ ನಿಂತು. "ನನ್ನ ಬೈಬೇಡಿ, ನಾನು ಬರೆದಿದ್ದಲ್ಲ. ಇನ್ಮೇಲೆ ಒಂದು ಆಟಕ್ಕೆ ಐವತ್ತು ನಿಮಿಷ ಇಲ್ಲ, ಮೂವತ್ತು. ಅಷ್ಟರಲ್ಲಿ ಮುಗೀಲಿಲ್ಲ ಅಂದ್ರೆ ಇಬ್ರೂ ಸೋತ ಹಾಗೆ. ಇನ್ನೊಂದು, ಡ್ರಾ ಮಾಡ್ಕೊಳ್ಳೋಣ ಅಂತ ಯಾರಾದ್ರೂ ಬಾಯಿ ಬಿಟ್ರೆ ಪಂದ್ಯದಿಂದಲೇ ಆಚೆ."

ಕೋಣೆ ಮೀನುಮಾರುಕಟ್ಟೆಯಾಯಿತು. ಮಾಂಸದಂಗಡಿಯ ಗಾರ್ತ್ ಮೇಜು ಕುಟ್ಟಿ, "ಈ ದರಿದ್ರ ಆಟ ಇವತ್ತಿಗೆ ಬಿಟ್ಟೆ" ಎಂದು ಆಣೆ ಇಟ್ಟು ಎದ್ದ. ಹೋಗುವಾಗ ಬಾಗಿಲ ಬಳಿ ಹೊಸ ಪೊಟ್ಟಣ ಕೊಂಡೇ ಹೋದ. ಇನ್ನೊಬ್ಬ ಕಂಪನಿಯವರ ವಂಶವನ್ನೇ ಜಾಲಾಡಿದ. ಖುಷಿಯಾದವನು ಒಬ್ಬನೇ, ಮೀನು ಕಾರ್ಖಾನೆಯ ಕೋಬಿ. ಅವನ ಕಟ್ಟು ತುಂಬ ಕುದುರೆ, ತಲೆ ತುಂಬ ಗಾಳಿ.

"ಅಬ್ಬಾ, ಇನ್ಮೇಲೆ ಲೊರೆಲ್ ಜೊತೆ ಆಡೋಕೆ ಬುತ್ತಿ ಕಟ್ಕೊಂಡು ಬರ್ಬೇಕಾಗಿಲ್ಲ" ಎಂದ.

"ನಿನಗೆ ಮೂವತ್ತು ನಿಮಿಷಾನೂ ಜಾಸ್ತಿ ಕಣೋ" ಎಂದಳು ಲೊರೆಲ್. "ಸೋಲೋಕೆ ಮೂರು ಸಾಕು ನಿನಗೆ."

ಎಲ್ಲರೂ ನಕ್ಕರು. ಆದರೆ ಅವಳ ಟೀ ಲೋಟದಲ್ಲೇ ತಣ್ಣಗಾಗಿತ್ತು, ಅವಳು ಗಮನಿಸಿರಲಿಲ್ಲ. ನಾನು ಗಮನಿಸಿದೆ. ಆ ವರ್ಷ ಅವಳು ಜಿಲಾಂಗಿನ ರಾಜ್ಯ ಪಂದ್ಯಕ್ಕೆ ಆಯ್ಕೆಯಾಗಿದ್ದಳು. ಅಲ್ಲಿ ಗೆದ್ದರೆ ದೇಶದ ಪಂದ್ಯ, ಅದು ಬ್ರಿಸ್ಬೇನಿನಲ್ಲಿ. ಬ್ರಿಸ್ಬೇನಿನಲ್ಲಿ ಇರುವವಳು ತಂಗಿ ನೊಲೀನ್, ದೊಡ್ಡ ಮನೆ, ಈಜುಕೊಳ, ಅದಕ್ಕಿಂತ ದೊಡ್ಡ ಬಾಯಿ. ಪ್ರತಿ ಕ್ರಿಸ್‌ಮಸ್ಸಿಗೂ ಫೋನ್ ಮಾಡಿ, "ಇನ್ನೂ ಆ ಮಕ್ಕಳಾಟದ ಎಲೆ ಇಟ್ಕೊಂಡು ಆಡ್ತಾ ಇದೀಯಾ ಅಕ್ಕಾ?" ಎಂದು ಕೇಳುತ್ತಿದ್ದಳಂತೆ.

"ಒಂದೇ ಒಂದು ಸಲ ಅವಳೂರಲ್ಲಿ ಕೂತು ಆಡ್ಬೇಕು ಕಣೋ" ಎಂದಳು ಆ ಸಂಜೆ. "ಟಿಕೆಟ್ ತಗೊಂಡು ನೋಡೋಕೆ ಹೋದೋಳು ಅಂತಲ್ಲ. ಗೆದ್ದು ಹೋದೋಳು ಅಂತ."

ಮೂವತ್ತು ನಿಮಿಷದಲ್ಲಿ ಲೊರೆಲ್ ಗೆಲ್ಲುವುದೆಂದರೆ ಹಿಟ್ಟು ಕಲೆಸುವಷ್ಟರಲ್ಲಿ ರೊಟ್ಟಿ ಬೇಯುವುದು. ಆದರೂ ನಾವೆಲ್ಲ ಸೇರಿ ಅವಳಿಗೆ ಚುರುಕು ಕಲಿಸಲು ಹೊರಟೆವು. ಸ್ಪೈರೋ ಹೊತ್ತು ಮುಗಿದರೆ ಹೊಡೆದುಕೊಳ್ಳುವ ಅಡುಗೆಮನೆಯ ಗಂಟೆ ತಂದು ಎದುರಿಗಿಟ್ಟ. ಕೋಬಿ ಪಕ್ಕದಲ್ಲಿ ಕೂತು "ಬೇಗ, ಬೇಗ" ಎಂದು ಚಪ್ಪಾಳೆ ಹೊಡೆದ. ಇದರಿಂದ ಅವಳು ಚುರುಕಾದದ್ದು ಟೀ ಬಗ್ಗಿಸುವುದರಲ್ಲಿ ಮಾತ್ರ. ಕೊನೆಗೆ ಕೋಬಿ ತನ್ನ ಕುದುರೆ ಕಟ್ಟನ್ನೇ ಕೊಟ್ಟ. ಒಂದು ಸಂಜೆ ಆಡಿ, ಹಿಂದಕ್ಕೆ ಕೊಟ್ಟು, "ಇದು ಆಟ ಅಲ್ಲಪ್ಪ, ಅಪಘಾತ" ಎಂದಳು.

ನಾನೂ ಆಯ್ಕೆಯಾಗಿ, ಆಡಲು ಜಿಲಾಂಗಿಗೆ ಹೊರಟಿದ್ದೆ. ಹೊರಡುವ ಹಿಂದಿನ ದಿನ ಸ್ಪೈರೋನ ಅಂಗಡಿಯಲ್ಲಿ ಯಾರಿಗೂ ಬೇಡದ ಎಲೆಗಳ ಡಬ್ಬಿ ಕೆದಕುತ್ತಿದ್ದಾಗ 'ಸುರಂಗ' ಸಿಕ್ಕಿತು. ಗೋಡೆ ಇದ್ದರೆ ಅದರ ಕೆಳಗಿಂದ ಇಡೀ ಸೈನ್ಯವನ್ನು ದಾಟಿಸುತ್ತದೆ, ಗೋಡೆ ಇಲ್ಲದಿದ್ದರೆ ಮೂರು ಕಾಸಿನ ಪ್ರಯೋಜನವಿಲ್ಲ. ಲೊರೆಲ್ ಬಿಟ್ಟು ಈ ದೇಶದಲ್ಲಿ ಗೋಡೆ ಕಟ್ಟುವವರು ಯಾರಿದ್ದಾರೆ? ಡ್ರಾ ಅಂತೂ ಇನ್ನಿಲ್ಲ. ಎದುರಾದರೆ ಒಬ್ಬರು ಸೋಲಲೇಬೇಕು. ಅದು ನಾನೇ ಏಕೆ ಆಗಬೇಕು? ಎಲೆಯನ್ನು ಮೆಲ್ಲಗೆ ನನ್ನ ಕಟ್ಟಿಗೆ ಸೇರಿಸಿದೆ. ನನಗೆ ನಾಚಿಕೆಯೇನೂ ಆಗಲಿಲ್ಲ.

ಜಿಲಾಂಗಿನಲ್ಲಿ ಆದದ್ದೇ ಬೇರೆ. ಆ ಮೂವತ್ತು ನಿಮಿಷ ಲೊರೆಲ್‌ಗಿಂತ ಅವಳ ಎದುರಾಳಿಗಳನ್ನು ಹೆಚ್ಚು ಕಾಡಿತು. ಎದುರಿಗೆ ಗೋಡೆ, ತಲೆಯ ಮೇಲೆ ಗಡಿಯಾರ, ಮುಗಿಯದಿದ್ದರೆ ಇಬ್ಬರೂ ಮುಳುಗುವ ಭಯ. ಹುಡುಗರು ಬೆವತು, ಹಾಕಬಾರದ ಎಲೆ ಹಾಕಿ, ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು. ಲೊರೆಲ್ ಒಂದು ಚೂರೂ ಚುರುಕಾಗಲಿಲ್ಲ. "ದಿನಾ ನೋಡ್ತೀನಲ್ಲ ಈ ಮುಖಗಳನ್ನ, ಕಾರಿನ ಗಾಜಿನ ಹಿಂದೆ" ಎಂದಳು ಊಟದ ಹೊತ್ತಿನಲ್ಲಿ, ಬನ್ನು ಅಗಿಯುತ್ತ. ಒಂದು ಆಟದಲ್ಲಿ ಮಾತ್ರ ಗಂಟೆ ಹೊಡೆದು ಇಬ್ಬರೂ ಸೋತರು. ಉಳಿದದ್ದೆಲ್ಲ ಗೆದ್ದಳು. ನಾನೂ ಹೇಗೋ ಏಗಿದೆ.

ಕೊನೆಯ ಸುತ್ತಿನಲ್ಲಿ ಫಲಕದ ಮೇಲೆ ಹೆಸರು ಬಂತು: ಹಕ್‌ಸ್ಟೆಪ್ ಎದುರು ನಾನು. ಗೆದ್ದವರು ಬ್ರಿಸ್ಬೇನಿಗೆ. ಹಳೆಯ ಕಾಲವಾಗಿದ್ದರೆ ಡ್ರಾ ಮಾಡಿಕೊಂಡು, ಆ ಅರ್ಧರ್ಧ ಅಂಕದ ಬಲದಲ್ಲಿ ಇಬ್ಬರೂ ಹೋಗಬಹುದಿತ್ತು.

ಲೊರೆಲ್ ಕೂತಳು. ಫ್ಲಾಸ್ಕು ತೆಗೆದಳು. ಒಂಬತ್ತು ವರ್ಷದ ಅಭ್ಯಾಸ, ಅವಳ ಕೈ ತಾನಾಗಿ ಮುಂದೆ ಬಂತು, ಬಾಯಿ ತಾನಾಗಿ ತೆರೆಯಿತು. "ಡ್ರಾ..." ಎಂದಿದ್ದಳು, ಅಷ್ಟರಲ್ಲಿ ಮೇಜಿನ ಕೆಳಗೆ ಅವಳ ಮೊಣಕಾಲ ಕೆಳಗೆ ಒದ್ದೆ. ಅವಳ ಬೆನ್ನ ಹಿಂದೆಯೇ ತೀರ್ಪುಗಾರ ನಿಂತಿದ್ದ, ಎಳೆಯ ಗಡ್ಡದ ಹುಡುಗ, ಕತ್ತಿನಲ್ಲಿ ಗುರುತಿನ ಚೀಟಿ.

"ಏನಂದ್ರಿ ಮೇಡಂ?"

"ಕೆಮ್ಮಿದೆ ಕಣಪ್ಪಾ" ಎಂದು ಲೊರೆಲ್ ಕೆಮ್ಮಿ ತೋರಿಸಿದಳು. "ವಯಸ್ಸಾದೋರು ಕೆಮ್ಮಬಾರ್ದು ಅಂತಾನೂ ನಿಯಮ ಬಂದಿದ್ಯಾ?"

ಗಡ್ಡದವನು ನನ್ನ ಕಡೆ ನೋಡಿದ. "ಕೆಮ್ಮೇ" ಎಂದೆ. ಅವನು ನಂಬಲಿಲ್ಲ, ಆದರೆ ಕದಲಲೂ ಇಲ್ಲ. ಅಲ್ಲೇ ಕಂಬದ ಹಾಗೆ ನಿಂತ.

ಹೀಗೆ ನಾವಿಬ್ಬರು ಮೊದಲ ಬಾರಿಗೆ ನಿಜವಾಗಿ ಆಡಿದೆವು. ಆಗ ಗೊತ್ತಾಯಿತು ಜನ ಅವಳನ್ನು ಯಾಕೆ ಅಷ್ಟು ಶಪಿಸುತ್ತಾರೆಂದು. ನನ್ನ ಕುದುರೆಗಳೆಲ್ಲ ಗೋಡೆಯ ಮುಂದೆ ಸಾಲುಗಟ್ಟಿ ನಿಂತವು, ಶಾಲೆಯ ಮುಂದಿನ ಕಾರುಗಳಂತೆ. ಸುರಂಗ ಬರಲಿ ಎಂದು ಎತ್ತಿದೆ, ಎತ್ತಿದೆ, ಬರಲಿಲ್ಲ. ಕೊನೆಗೆ ನನ್ನ ಕಟ್ಟಿನಲ್ಲಿ ಉಳಿದದ್ದು ನಾಲ್ಕೇ ಎಲೆ. ನಾಲ್ಕು ಸರದಿ ಕಳೆದರೆ ಅವಳ ಗೆಲುವು. ಆದರೆ ಗಡಿಯಾರದಲ್ಲಿ ಉಳಿದಿದ್ದ ಹೊತ್ತು ಲೊರೆಲ್‌ಳ ಒಂದು ಸರದಿಗೂ ಸಾಲದು. ಗಂಟೆ ಹೊಡೆದರೆ ಇಬ್ಬರೂ ಮನೆಗೆ.

ಸುರಂಗ ಆ ನಾಲ್ಕರಲ್ಲಿ ಇದ್ದೇ ಇತ್ತು. ಬೇರೆಲ್ಲೂ ಇರಲು ಸಾಧ್ಯವಿರಲಿಲ್ಲ. ಅದು ನನಗೊಬ್ಬನಿಗೇ ಗೊತ್ತು. ಅವಳು ಗಡಿಯಾರ ನೋಡಲಿಲ್ಲ, ತನ್ನ ಗೋಡೆಯನ್ನೇ ನೋಡುತ್ತಿದ್ದಳು, ತುಟಿ ಕಚ್ಚಿಕೊಂಡು. ನೊಲೀನಳ ಈಜುಕೊಳ ಕಾಣುತ್ತಿತ್ತೋ ಏನೋ. ಎಲೆ ಎತ್ತಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದೆ.

"ಸೋತೆ" ಎಂದೆ, ತೀರ್ಪುಗಾರನಿಗೆ ಕೇಳುವ ಹಾಗೆ. "ಆಟ ಅವರದ್ದು."

ಲೊರೆಲ್ ಕೆಂಡವಾದಳು. "ಯಾರೋ ಕೇಳಿದ್ದು ನಿನ್ನ? ಗೆಲ್ತಿದ್ದೆ ನಾನು! ದಾನ ಮಾಡೋಕೆ ನೀನ್ಯಾವ ಊರ ದೊರೆ?" ಗಡ್ಡದವನು ಆಗಲೇ ಬರೆದುಕೊಂಡು ಹೋಗಿದ್ದ. ಅವಳು ನನ್ನ ಕಟ್ಟಿನಲ್ಲಿ ಉಳಿದ ನಾಲ್ಕು ಎಲೆಗಳನ್ನು ಮಗುಚಿ ನೋಡದೆ ಹಾಗೇ ಎತ್ತಿಕೊಂಡು, ತಲೆಯಿಂದ ರಬ್ಬರ್ ಬ್ಯಾಂಡ್ ಕಿತ್ತು ಸುತ್ತಿದಳು. "ಇದು ನನ್ನ ಹತ್ರ ಇರ್ಲಿ. ಶುಕ್ರವಾರ ಮುಗಿಸ್ತೀನಿ ನಿನ್ನ."

ಊರಿಗೆ ಅವಳ ಕಾರಿನಲ್ಲೇ ಬಂದದ್ದು. ನಾಲ್ಕು ಎಲೆ ಸ್ಟೀರಿಂಗಿನ ಹಿಂದೆ, ಗಾಜಿನ ಕೆಳಗೆ ಕೂತಿದ್ದವು. ದಾರಿಯ ಕೋಲಾಕ್ ಊರು ಬರುವವರೆಗೆ ಅವಳು ರೇಡಿಯೋ ಜೋರು ಮಾಡಿಟ್ಟಳು. ಆಮೇಲೆ ಅವಳ ಬಾಯಿ ತೂತು ಬಿದ್ದ ಟ್ಯಾಂಕು. ಮೊದಲ ಸರದಿಗೆ ಏನು ಮಾಡುತ್ತಿದ್ದಳು, ಎರಡನೆಯದಕ್ಕೆ ಏನು, ನಾನು ಹೇಗೆ ಒದ್ದಾಡುತ್ತಿದ್ದೆ, ನೊಲೀನಳಿಗೆ ಫೋನ್ ಮಾಡಿದಾಗ ಮೊದಲ ಮಾತು ಏನಾಡುವುದು. ವಾರ್ನಂಬೂಲಿನಲ್ಲಿ ಕಾರು ನಿಲ್ಲಿಸಿ ಆಲೂಗಡ್ಡೆ ಬಜ್ಜಿ ತಿನ್ನುವಾಗ ಸುರಂಗದ ವಿಷಯ ಹೇಳಿಬಿಡೋಣ ಎಂದುಕೊಂಡೆ. ಬದಲಿಗೆ ಬಾಯಿಗೆ ಇನ್ನೊಂದು ಬಿಸಿ ಬಜ್ಜಿ ತುರುಕಿಕೊಂಡೆ.

ಶುಕ್ರವಾರ ಸ್ಪೈರೋನ ಹಿಂದಿನ ಕೋಣೆಯಲ್ಲಿ ಅವಳು ಜಿಲಾಂಗಿನ ಮೇಜನ್ನೇ ಮತ್ತೆ ಹರಡಿದಳು. ಯಾವ ಗೋಡೆ ಎಲ್ಲಿ, ಯಾವ ಜೌಗು ಎಲ್ಲಿ, ನನ್ನ ಯಾವ ಕುದುರೆ ಎಲ್ಲಿ, ಒಂದೂ ತಪ್ಪಿಲ್ಲ. ರಬ್ಬರ್ ಬ್ಯಾಂಡ್ ಬಿಚ್ಚಿ ನಾಲ್ಕು ಎಲೆ ನನ್ನ ಮುಂದಿಟ್ಟಳು. ಸ್ಪೈರೋ ಗಂಟೆಗೆ ಕೈ ಹಾಕಿದ.

"ಮುಟ್ಟಿದ್ರೆ ಕೈ ಮುರೀತೀನಿ" ಎಂದಳು.

ಎಲ್ಲರೂ ಸುತ್ತ ನಿಂತರು, ಆಟ ಬಿಟ್ಟ ಗಾರ್ತ್ ಕೂಡ. ಮೊದಲ ಎಲೆ ಎತ್ತಿದೆ, ಕುದುರೆ. ಎರಡನೆಯದೂ ಕುದುರೆ. ಅವಳು ಟೀ ಬಗ್ಗಿಸಿಕೊಂಡಳು. ಮೂರನೆಯದು ಈಟಿಯವನು, ನಿಲ್ಲಲೂ ಜಾಗವಿಲ್ಲ. ಅವಳ ಮುಖದಲ್ಲಿ ಹಬ್ಬ. ನಾಲ್ಕನೆಯದನ್ನು ಎತ್ತುವ ಮೊದಲೇ ನನಗೆ ಗೊತ್ತಿತ್ತು.

"ಏನಿಲ್ಲ ಬಿಡು, ನೀನೇ ಗೆದ್ದೆ" ಎಂದು ಎಲೆಯನ್ನು ಜೇಬಿಗೆ ತುರುಕಲು ಹೋದೆ.

ಅವಳು ನನ್ನ ಮಣಿಕಟ್ಟು ಹಿಡಿದಳು. "ನಿಲ್ಲು." ಹಲಗೆ ಇಲ್ಲದಿದ್ದರೂ ನಿಂತೆ. "ಹಾಕು."

ಹಾಕಿದೆ. ಗೋಡೆಯ ಕೆಳಗಿಂದ ನನ್ನ ಕುದುರೆಗಳೆಲ್ಲ ಒಂದೇ ಉಸಿರಿಗೆ ದಾಟಿದವು, ಕೋಟೆ ಹೋಯಿತು. ಎಲ್ಲರೂ ಮೇಜಿನ ಮೇಲೆ ಬಗ್ಗಿದರು.

"ಸುರಂಗಾನಾ?" ಎಂದ ಕೋಬಿ. "ಅದನ್ನ ಯಾವ ಮುಟ್ಠಾಳ ಇಟ್ಕೋತಾನೆ?"

ಲೊರೆಲ್ ಎಲೆಯನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದಳು. "ಯಾವಾಗ ಸೇರಿಸ್ದೆ?"

"ಹೊರಡೋ ಹಿಂದಿನ ದಿನ."

"ನನಗೋಸ್ಕರಾನಾ?"

"ಇನ್ಯಾರಿದ್ದಾರೆ, ಗೋಡೆ ಕಟ್ಟಿ ಜನರ ಪ್ರಾಣ ತಿನ್ನೋರು?"

ಬೈಗುಳಕ್ಕೆ ಸಿದ್ಧನಾಗಿ ಕೂತೆ. ಅವಳು ನಕ್ಕಳು. ಟೀ ಚೆಲ್ಲುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಒಂಬತ್ತು ವರ್ಷ ಚಿಪ್ಸ್ ತಿನ್ನಿಸ್ಕೊಂಡು ಓಡಾಡ್ದೆ. ನನ್ನನ್ನ ಸೋಲಿಸ್ಬೇಕು ಅಂತ ಈಗ ಅನ್ನಿಸ್ತಾ ನಿನಗೆ, ಕಳ್ಳ?"

"ಬ್ರಿಸ್ಬೇನ್?" ಎಂದು ಕೇಳಿದೆ, ಅಂಜುತ್ತ.

"ಹೋಗದೆ ಬಿಡ್ತೀನಾ? ಸೋತೆ ಅಂತ ನೀನೇ ಅಂದೆ, ಗಡ್ಡದವ್ನು ಬರ್ಕೊಂಡ. ನಿಯಮ ಅಂದ್ರೆ ನಿಯಮ ಕಣೋ."

ಆ ನಿಯಮ ಕೇಳಿ ಟೀ ತಣ್ಣಗಾಗಿಸಿಕೊಂಡವಳು ಇವಳೇ. ನನ್ನ ಎಲೆಗಳನ್ನೆಲ್ಲ ಗುಡಿಸಿ ನನ್ನ ಕಡೆ ತಳ್ಳಿದಳು, ಸುರಂಗ ಒಂದನ್ನು ಬಿಟ್ಟು. ಅದನ್ನು ತನ್ನ ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು.

"ಅದು ನಂದು" ಎಂದೆ.

"ನೊಲೀನ್‌ಗೆ ತೋರಿಸ್ಬೇಕು" ಎಂದಳು. "ನಾನು ಕಟ್ಟಿದ ಗೋಡೆ ದಾಟೋಕೆ ಒಬ್ಬ ಸುರಂಗ ಹುಡುಕ್ಕೊಂಡು ಬರ್ಬೇಕಾಯ್ತು ಅಂತ."