ಯಾರೂ ನೋಡದಿದ್ದಾಗ ನೀರು ಕುಡಿಯುವ ನಾಯಿ

ಮುಂಬಯಿಯ ವಡಾಲದಲ್ಲಿ ನಾವಿದ್ದದ್ದು ಬಿಲ್ಡಿಂಗಿನ ನೆಲಮಹಡಿಯಲ್ಲಿ. ಅಡುಗೆಮನೆಯ ಹಿಂಬಾಗಿಲು ಒಂದು ಕಿರಿದಾದ ಸಂದಿಗೆ ತೆರೆಯುತ್ತಿತ್ತು. ಸಂದಿಯ ಕೊನೆಯಲ್ಲಿ ಎಲ್ಲರಿಗೂ ಸೇರಿದ ನೀರಿನ ತೊಟ್ಟಿ. ನಮ್ಮ ನಾಯಿ ಬಂದು ಸೇರಿಕೊಂಡದ್ದು ಆ ತೊಟ್ಟಿಯ ಮರೆಗೆ. ನಾವು ತಂದು ಸಾಕಿದ್ದಲ್ಲ. ಬಂದರಿನ ಗೂಡ್ಸ್ ಗಾಡಿಗಳು ನಿಲ್ಲುವ ಕಡೆಯಿಂದ ಬಂದಿರಬೇಕು. ಒಂದು ಸಂಜೆ ಮಳೆಯಲ್ಲಿ ತೊಯ್ದು ಮುದುರಿ ಕೂತಿತ್ತು, ಮಳೆ ನಿಂತ ಮೇಲೂ ಹೋಗಲಿಲ್ಲ. ಅಮ್ಮ ಅದನ್ನು "ಮರಿ" ಎಂದು ಕರೆದಳು. ಬೆಳೆದು ದೊಡ್ಡದಾದ ಮೇಲೂ ಅದು ಮರಿಯಾಗಿಯೇ ಉಳಿಯಿತು.

ಅಷ್ಟು ಪುಕ್ಕಲು ಪ್ರಾಣಿಯನ್ನು ನಾನು ಮತ್ತೆ ಕಂಡಿಲ್ಲ. ಮನುಷ್ಯರ ಕೈಯಲ್ಲಿ ಏನಿದ್ದರೂ ಅದಕ್ಕೆ ಭಯ. ಸುತ್ತಿದ ಪೇಪರು, ಪೊರಕೆ, ಟಿಫಿನ್ ಡಬ್ಬಿ, ಎಲ್ಲವೂ ತನ್ನನ್ನು ಹೊಡೆಯುವುದಕ್ಕೇ ಎಂದು ತಿಳಿದಿತ್ತು. ಮುಂಬಯಿಯಲ್ಲಿ ಮಳೆಗಾಲವೆಂದರೆ ಊರಿಗೆ ಊರೇ ಕೊಡೆ ಹಿಡಿದು ನಡೆಯುತ್ತದೆ, ಆ ತಿಂಗಳುಗಳಲ್ಲಿ ಅದರ ಪಾಡು ಕೇಳಬಾರದು. ಹೆದರಿದಾಗ ಓಡಿಹೋಗುವ ಬುದ್ಧಿಯೂ ಅದಕ್ಕಿರಲಿಲ್ಲ. ನಿಂತಲ್ಲೇ ಕಾಲು ನಡುಗಿಸುತ್ತ, ಬಾಯಿಂದ ಜೊಲ್ಲು ಸುರಿಸುತ್ತ, ಗಂಟಲು ಕಟ್ಟಿದ ದನಿಯಲ್ಲಿ ಬೊಗಳುತ್ತಿತ್ತು. ಗೊತ್ತಿಲ್ಲದವರಿಗೆ ಮೈಮೇಲೆ ಬೀಳುತ್ತದೆ ಅನ್ನಿಸುತ್ತಿತ್ತು. ದಾರಿಹೋಕರು ಕಲ್ಲೆತ್ತಿಕೊಳ್ಳುವರು, ಅದನ್ನು ಕಂಡು ಅದು ಇನ್ನಷ್ಟು ಬೊಗಳುವುದು. ನಾನಾಗ ಫೋರ್ಟ್ ಬಡಾವಣೆಯ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಬಾಯಿ ಜೋರು. ಕಲ್ಲೆತ್ತಿದವರ ಜೊತೆಗೆಲ್ಲ ಜಗಳಕ್ಕೆ ನಿಂತು, ಲೋಕಲ್ ರೈಲು ತಪ್ಪಿಸಿಕೊಂಡು, ಆಫೀಸಿಗೆ ತಡವಾಗಿ ಹೋಗಿ ಅಲ್ಲೂ ಬೈಸಿಕೊಳ್ಳುತ್ತಿದ್ದೆ.

ಅಮ್ಮ ಜಗಳಕ್ಕೆ ಹೋಗುವವಳಲ್ಲ. ಮೈಸೂರಿನಿಂದ ಬಂದು ಅಷ್ಟು ವರ್ಷವಾಗಿದ್ದರೂ ಅವಳ ಹಿಂದಿ ತರಕಾರಿಯವನ ಗಾಡಿಯಿಂದ ಮುಂದೆ ಹೋಗಿರಲಿಲ್ಲ. ಮಡಿ ಮಾತ್ರ ಮೈಸೂರಿನಲ್ಲಿದ್ದಷ್ಟೇ ಗಟ್ಟಿಯಾಗಿತ್ತು. ಸ್ನಾನವಾಗಿ ಮಡಿಸೀರೆ ಉಟ್ಟಳೆಂದರೆ, ಅಡುಗೆ ಮುಗಿದು ಊಟವಾಗುವವರೆಗೆ ನಾನೂ ಅವಳನ್ನು ಮುಟ್ಟುವಂತಿರಲಿಲ್ಲ. ಇನ್ನು ನಾಯಿಯ ಮಾತೇನು. ಹಿಂಬಾಗಿಲ ಹೊರಗೆ ಒಂದು ಮಣ್ಣಿನ ಬೋಗುಣಿ ಇತ್ತು. ಹೊಸ್ತಿಲೊಳಗೇ ನಿಂತು ಚೊಂಬಿನಿಂದ ಮೇಲಿಂದ ನೀರು ಹೊಯ್ದು, ಅನ್ನವನ್ನೂ ಹಾಗೆಯೇ ಎತ್ತರದಿಂದ ಹಾಕಿ, ಬಾಗಿಲು ಮುಚ್ಚಿಬಿಡುವಳು. ಅದು ಬಂದು ಸೀರೆಗೆ ಸೋಕಿದರೆ ಮತ್ತೆ ಸ್ನಾನ ಮಾಡಬೇಕಲ್ಲ. ಹೀಗಾಗಿ ಮರಿ ಒಂದು ವಿಚಿತ್ರ ಅಭ್ಯಾಸ ಕಲಿತುಬಿಟ್ಟಿತು. ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆಯೇ ಬೋಗುಣಿಯ ಹತ್ತಿರ ಬರುವುದು. ಯಾರಾದರೂ ನೋಡುತ್ತಿದ್ದರೆ ಎಷ್ಟೇ ಬಾಯಾರಿದ್ದರೂ ಮುಟ್ಟದು. ಹೊಸ್ತಿಲು ದಾಟಬಾರದೆಂಬುದನ್ನೂ ಕಲಿತಿತ್ತು. "ಇದಕ್ಕಿರೋ ಆಚಾರ ನಿನಗಿಲ್ಲ ನೋಡು" ಎಂದು ಅಮ್ಮ ನನ್ನನ್ನು ಹಂಗಿಸುತ್ತಿದ್ದಳು.

ಅದೊಂದು ಬೇಸಗೆಯ ಭಾನುವಾರ. ಅಪ್ಪ ತರಕಾರಿಗೆಂದು ಮಾಟುಂಗಾಕ್ಕೆ ಹೋಗಿದ್ದರು. ಅಮ್ಮ ಮಡಿಯುಟ್ಟು ಒಲೆಯ ಮುಂದೆ ಇದ್ದಳು. ಸಂದಿಯಲ್ಲಿ ಗದ್ದಲ ಕೇಳಿ ನಾನು ಹಿಂಬಾಗಿಲು ತೆಗೆದು ಹೊರಗಿಳಿದೆ. ಮರಿ ನಮ್ಮ ಹೊಸ್ತಿಲಿಗೆ ಬೆನ್ನು ಒತ್ತಿಕೊಂಡು ನಿಂತಿತ್ತು. ಎದುರಿಗೆ ಗುರುತಿಲ್ಲದ ಗಂಡಸರು, ಕೈಯಲ್ಲಿ ದೊಣ್ಣೆ, ಒಬ್ಬನ ಹತ್ತಿರ ಕಬ್ಬಿಣದ ಸಲಾಕೆ. ಪಕ್ಕದ ಗಲ್ಲಿಯಲ್ಲಿ ಬೆಳಿಗ್ಗೆ ಒಂದು ಮಗುವಿಗೆ ಹುಚ್ಚುನಾಯಿ ಕಚ್ಚಿತ್ತು. ಅದನ್ನು ಹುಡುಕುತ್ತ ಬಂದವರ ಕಣ್ಣಿಗೆ ಜೊಲ್ಲು ಸುರಿಸುತ್ತ ನಡುಗುವ ನಮ್ಮ ನಾಯಿ ಬಿದ್ದಿತ್ತು. ಸಲಾಕೆ ಹಿಡಿದವನು ಆ ಮಗುವಿನ ಚಿಕ್ಕಪ್ಪನಂತೆ. ಅವನ ಅಂಗಿಯ ಮೇಲೆ ರಕ್ತದ ಕಲೆ ಇತ್ತು, ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದಿರಬೇಕು. ಆಗ ನನಗೆ ಅವನ ಮೇಲೆ ಮರುಕ ಹುಟ್ಟಲಿಲ್ಲ. ಈಗ ಹುಟ್ಟುತ್ತದೆ.

ಬಾಗಿಲು ನನ್ನ ಹಿಂದೆ ಹಾರುಹೊಡೆದಿತ್ತು. ಒಂದು ಹೆಜ್ಜೆ ಹಿಂದಿಟ್ಟಿದ್ದರೆ ಮರಿ ಮನೆಯೊಳಗೆ ಇರುತ್ತಿತ್ತು. ಅದು ಒಳಗೆ ಬರಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದೆವು.

"ಹಟೋ ಬಾಯಿ, ಯೇ ಪಾಗಲ್ ಹೈ" ಎಂದು ನನ್ನನ್ನು ಪಕ್ಕಕ್ಕೆ ಸರಿಯಲು ಹೇಳಿದ ಸಲಾಕೆಯವನು.

"ಪಾಗಲ್ ನಹೀ, ಡರ್ತಾ ಹೈ" ಹುಚ್ಚಲ್ಲ, ಹೆದರಿದೆ ಅಷ್ಟೇ ಎಂದು ನಾನು ಕಿರುಚಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಗುಂಪಿನಲ್ಲಿದ್ದ ವಯಸ್ಸಾದವರೊಬ್ಬರು ಕೈಯೆತ್ತಿ, "ಪಾನಿ ದಿಖಾವೋ. ಪಾಗಲ್ ಹೋಗಾ ತೋ ನಹೀ ಪೀಯೇಗಾ" ಎಂದರು. ಹುಚ್ಚುನಾಯಿ ನೀರು ಕುಡಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

ಅಷ್ಟರಲ್ಲಿ ಅಮ್ಮ ಚೊಂಬು ಹಿಡಿದು ಬಾಗಿಲಿಗೆ ಬಂದಳು. ಎಂದಿನಂತೆ ಮೇಲಿಂದ ಬೋಗುಣಿಗೆ ನೀರು ಹೊಯ್ದಳು. ಮರಿ ನೀರಿನ ಕಡೆ ನೋಡಿತು, ಜನರ ಕಡೆ ನೋಡಿತು, ತಲೆ ತಗ್ಗಿಸಿತು. ಮೂಸಲೂ ಇಲ್ಲ. ಗುಂಪಿನಲ್ಲಿ ಗುಜುಗುಜು ಎದ್ದಿತು. ಯಾರಾದರೂ ನೋಡುತ್ತಿದ್ದರೆ ಅದು ಕುಡಿಯುವುದಿಲ್ಲ, ಎಲ್ಲರೂ ಸ್ವಲ್ಪ ಆ ಕಡೆ ತಿರುಗಿ ಎಂದು ನಾನು ಬೇಡಿಕೊಂಡೆ.

"ದುಲ್ಹನ್ ಹೈ ಕ್ಯಾ, ಶರ್ಮಾತಾ ಹೈ?" ಎಂದ ಒಬ್ಬ, ನಾಚಿಕೊಳ್ಳಲು ಇದೇನು ಮದುವಣಗಿತ್ತಿಯೇ ಎಂಬಂತೆ. ಕೆಲವರು ನಕ್ಕರು. ಸಲಾಕೆಯವನು ನಗಲಿಲ್ಲ. ಒಂದು ಹೆಜ್ಜೆ ಮುಂದೆ ಬಂದ.

ಅಮ್ಮ ಚೊಂಬನ್ನು ನನ್ನ ಕೈಗೆ ಕೊಟ್ಟಳು. ಹೊಸ್ತಿಲು ದಾಟಿ, ಮಡಿಸೀರೆಯಲ್ಲೇ ಆ ಸಂದಿಯ ಮಣ್ಣಿನಲ್ಲಿ, ನಾಯಿಗೂ ಸಲಾಕೆಗೂ ನಡುವೆ ಕೂತಳು. ಬೋಗುಣಿಗೆ ಬಲಗೈ ಅದ್ದಿ, ಅಂಗೈ ತುಂಬ ನೀರೆತ್ತಿ ಮರಿಯ ಬಾಯಿಗೆ ಹಿಡಿದಳು. "ಕುಡಿಯಪ್ಪ" ಎಂದಳು. ಆವರೆಗೆ ಅವಳು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಮುಖದ ಹತ್ತಿರ ಬಂದ ಕೈ ಕಂಡು ಅದರ ಮೈ ಒಮ್ಮೆ ಸೆಟೆಯಿತು, ಬಾಯಿ ತೆರೆದು ಮುಚ್ಚಿತು. ಅಮ್ಮನ ಹೆಗಲು ಸಣ್ಣಗೆ ಕುಲುಕಿತು, ಆದರೆ ಅವಳು ಕೈ ಹಿಂದಕ್ಕೆಳೆಯಲಿಲ್ಲ. ಇನ್ನಷ್ಟು ಒಳಕ್ಕೇ ಒತ್ತಿ ಹಿಡಿದಳು. ನೀರು ಮೊಣಕೈವರೆಗೆ ಇಳಿಯಿತು. ನಾಯಿಯ ನಾಲಿಗೆ ಆಡಿತು.

"ಪೀಯಾ. ದೇಖಾ?" ಎಂದಳು ಅಮ್ಮ, ತರಕಾರಿಯವನ ಹತ್ತಿರ ಮಾತಾಡುವ ದನಿಯಲ್ಲಿ. ಬಲಗೈಯನ್ನು ಸೆರಗಿನೊಳಗೆ ಸೇರಿಸಿ ಎದ್ದುನಿಂತಳು.

ಹುಚ್ಚುನಾಯಿಯ ಬಾಯಿಗೆ ಯಾರು ತಾನೆ ಕೈ ಹಾಕುತ್ತಾರೆ? ವಯಸ್ಸಾದವರು "ಚಲೋ ಚಲೋ" ಎಂದು ಎಲ್ಲರನ್ನೂ ಹೊರಡಿಸಿದರು. ಸಲಾಕೆಯವನು ಕೊನೆಯವರೆಗೂ ನಿಂತಿದ್ದು, "ಕಿಸೀಕೋ ಕಾಟಾ ತೋ ಛೋಡೂಂಗಾ ನಹೀ" ಯಾರನ್ನಾದರೂ ಕಚ್ಚಿದರೆ ಬಿಡುವುದಿಲ್ಲ ಎಂದು ಹೇಳಿ ಹೋದ. ಮರಿ ತೊಟ್ಟಿಯ ಹಿಂದೆ ನುಸುಳಿತು.

ಬಚ್ಚಲಿನಲ್ಲಿ ಅಮ್ಮ ಸೆರಗು ಬಿಡಿಸಿದಾಗ ಅಂಗೈಯ ಪಕ್ಕದಲ್ಲಿ ಹಲ್ಲಿನ ಗುರುತು ಆಳವಾಗಿ ಇಳಿದಿತ್ತು. ಸೆರಗು ರಕ್ತದಿಂದ ನೆನೆದಿತ್ತು.

"ಕಚ್ಚಿದೆಯಲ್ಲಮ್ಮ!"

"ಮೆತ್ತಗೆ ಮಾತಾಡೇ, ಅವರಿನ್ನೂ ದೂರ ಹೋಗಿಲ್ಲ. ನೀರು ಹಾಕು."

ನಾನು ಸೋಪು ಹಚ್ಚಿ ತೊಳೆದೆ. ಆಸ್ಪತ್ರೆಗೆ ಹೋಗೋಣ, ಹೊಟ್ಟೆಗೆ ಇಂಜೆಕ್ಷನ್ ಕೊಡ್ತಾರೆ ಎಂದೆ.

"ಹೋದ್ರೆ ಯಾವ ನಾಯಿ, ಎಲ್ಲಿದೆ ಅಂತ ಕೇಳ್ತಾರೆ. ಹಿಡ್ಕೊಂಡು ಹೋಗ್ತಾರೆ. ನಿಮ್ಮಪ್ಪನಿಗೆ ಈಳಿಗೆ ತಗುಲ್ತು ಅಂತ ಹೇಳ್ತೀನಿ. ನೀನೂ ಹಾಗೇ ಹೇಳು."

"ಅದಕ್ಕೆ ನಿಜವಾಗ್ಲೂ ಹುಚ್ಚು ಹಿಡಿದಿದ್ರೆ?"

"ಹಿಡಿದಿಲ್ಲ ಅಂತ ಅಷ್ಟು ಜನರ ಮುಂದೆ ತೋರಿಸಿ ಬಂದೆನಲ್ಲ" ಎಂದಳು. ಆದರೆ ಅರಿಶಿನ ಒತ್ತುವ ಮುಂಚೆ ಗಾಯವನ್ನು ಇನ್ನೊಮ್ಮೆ ಸೋಪು ಹಚ್ಚಿ ತೊಳೆಸಿಕೊಂಡಳು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಒಂದು ಬೀದಿನಾಯಿಗೋಸ್ಕರ ಜೀವ ಪಣಕ್ಕಿಡುತ್ತೀಯಾ, ನಾವು ನಿನಗೆ ಏನೂ ಅಲ್ಲವಾ ಎಂದು ಬಾಯಿಗೆ ಬಂದದ್ದು ಅಂದೆ. ಅವಳು ತಲೆಯ ಮೇಲೆ ನೀರು ಹೊಯ್ದುಕೊಂಡು, ಬೇರೆ ಮಡಿಸೀರೆ ಉಟ್ಟು, ಸಾರು ಇಳಿಸಲು ಹೋದಳು. ಆ ದಿನವೂ ಊಟವಾಗುವವರೆಗೆ ನಾನು ಅವಳನ್ನು ಮುಟ್ಟುವಂತಿರಲಿಲ್ಲ.

ಕಚ್ಚಿದ ನಾಯಿ ಕೆಲವು ದಿನ ಚೆನ್ನಾಗಿದ್ದರೆ ಕಚ್ಚಿಸಿಕೊಂಡವರಿಗೂ ಭಯವಿಲ್ಲ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ನಮಗೆ ಉಳಿದಿದ್ದ ಪರೀಕ್ಷೆ ಅದೊಂದೇ. ಆ ಸಂಜೆ ಹೊಯ್ದ ನೀರು ಹಾಗೆಯೇ ಇತ್ತು. ಮರುದಿನ ಬೆಳಿಗ್ಗೆ ನೋಡಿದಾಗಲೂ ಹಾಗೆಯೇ ಇತ್ತು, ಮೇಲೆ ಒಂದು ಸೊಳ್ಳೆ ತೇಲುತ್ತಿತ್ತು. ಮರಿ ತೊಟ್ಟಿಯ ಹಿಂದಿನಿಂದ ಕದಲಿರಲಿಲ್ಲ. ನಾನು ಆಫೀಸಿಗೆ ಹೋಗಲಿಲ್ಲ. ಅಪ್ಪನಿಗೆ ತಲೆನೋವು ಎಂದೆ. ಅವರು ಹೊರಟ ಮೇಲೆ ಅಮ್ಮ ಬೋಗುಣಿ ತೊಳೆಸಿ ಹೊಸ ನೀರು ಹೊಯ್ದು, ಬಾಗಿಲು ಮುಚ್ಚಿ, ಒಲೆಯ ಕಡೆ ಹೋಗದೆ ಅಲ್ಲೇ ಬಾಗಿಲಿಗೆ ಕಿವಿಯಿಟ್ಟು ನಿಂತಳು. ಕಿಂಡಿಯಿಂದ ನೋಡಲೆಂದು ನಾನು ಹತ್ತಿರ ಹೋದೆ. ನೋಡಬೇಡ ಎಂದು ಕೈಸನ್ನೆ ಮಾಡಿದಳು. ಬಟ್ಟೆ ಸುತ್ತಿದ ಕೈ ಊದಿಕೊಂಡಿತ್ತು. ಅವಳ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಹಿಂದೆ ಕಂಡಿರಲಿಲ್ಲ. ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ, ಅಳು ಬಂತು. ಒಂದು ಲೋಕಲ್ ಹೋಯಿತು. ಆಮೇಲೆ ಇನ್ನೊಂದು ಹೋಯಿತು.

ಆಮೇಲೆ ಹೊರಗೆ, ನಿಧಾನವಾಗಿ, ನಾಲಿಗೆ ನೀರಿಗೆ ತಾಗುವ ಸದ್ದು ಕೇಳಿಸಿತು. ಅಮ್ಮ ಮಡಿಯಲ್ಲಿದ್ದವಳು ಕೈಚಾಚಿ ನನ್ನ ಕೈ ಹಿಡಿದುಕೊಂಡಳು. ಸದ್ದು ನಿಲ್ಲುವವರೆಗೂ ನಾವಿಬ್ಬರೂ ಬಾಗಿಲು ತೆಗೆಯಲಿಲ್ಲ.