ಕೊನೆಯಲ್ಲಿ ತೋರಿಸುವ ತಪ್ಪುಗಳು

ಚೀನಾದ ಹೊಡೆದಾಟದ ನಗೆ ಸಿನಿಮಾ ಎಂದರೆ ನನಗೆ ಇಂದಿಗೂ ಪ್ರಾಣ. ಐವತ್ತು ದಾಟಿದ ಟೀಚರಮ್ಮ ಇಂಥದ್ದನ್ನೆಲ್ಲ ನೋಡುತ್ತಾಳೆಂದು ಭಾಲ್ಕಿಯ ನಮ್ಮ ಸ್ಟಾಫ್ ರೂಮಿನಲ್ಲಿ ಮೂಗು ಮುರಿಯುತ್ತಾರೆ. ಮುರಿಯಲಿ. ನಮ್ಮ ಹೀರೋಗಳು ನೂರು ಜನರನ್ನು ಬಡಿದರೂ ಕ್ರಾಪು ಕೆಡುವುದಿಲ್ಲ. ಆ ಚೀನಾದವನು ಒಂದು ಗುದ್ದು ಕೊಟ್ಟು, ನೋವಿಗೆ ತನ್ನ ಕೈಯನ್ನೇ ಊದಿಕೊಳ್ಳುತ್ತಾನೆ. ಕೊನೆಗೆ ಹೆಸರುಗಳು ಬರುವಾಗ, ಶೂಟಿಂಗಿನಲ್ಲಿ ಕೆಟ್ಟುಹೋದ ದೃಶ್ಯಗಳನ್ನೂ ಮುಚ್ಚಿಡದೆ ತೋರಿಸುತ್ತಾರೆ. ಬಿದ್ದವನು ಕಾಲು ಹಿಡಿದು ಒದ್ದಾಡುತ್ತಾನೆ, ಬೀಳಿಸಿದವನು ಓಡಿಬಂದು ಕೈಮುಗಿಯುತ್ತಾನೆ. ನಾನು ಅಲ್ಲಿಯವರೆಗೆ ಕೂರುವುದು ಆ ಕೈಮುಗಿಯುವವನಿಗಾಗಿ.

ಚಿಕ್ಕವರಿದ್ದಾಗ ನಾವು ಔರಾದಿನಲ್ಲಿದ್ದೆವು. ನನಗೆ ಹನ್ನೆರಡು, ತಮ್ಮನಿಗೆ ಹತ್ತು. ಪಕ್ಕದ ಮನೆಯ ಮುಸ್ಲಿಂ ಹೆಂಗಸು, ನಾವೆಲ್ಲ ಖಾಲಾ ಎನ್ನುತ್ತಿದ್ದವರು, ಮಗಳ ಮದುವೆಗೆಂದು ಬಾಡಿಗೆಗೆ ವಿಸಿಆರ್ ತರಿಸಿದ್ದರು. ಅಲ್ಲಿ ಅಂಥದ್ದೊಂದು ಸಿನಿಮಾ ನೋಡಿ ಬಂದ ಮರುದಿನವೇ ನನ್ನ ತಮ್ಮ, ಹೊದೆಯುವ ಕೌದಿಯ ಒಂದು ಬದಿಯನ್ನು ಬೇವಿನ ಮರಕ್ಕೆ ಕಟ್ಟಿ, ಇನ್ನೊಂದನ್ನು ತಾನು ಹಿಡಿದು ನಿಂತ.

“ಮಾಳಿಗಿ ಮ್ಯಾಲಿಂದ ಹಾರು ಅಕ್ಕಾ, ನಾ ಹಿಡದೀನಿ.”

ಹಾರಿದೆ. ಅವನು ತಮಾಷೆಗೆಂದು ಕೌದಿ ಬಿಟ್ಟುಬಿಟ್ಟ. ತೊಡೆಯ ಮೂಳೆ ಮುರಿಯಿತು.

ಅಪ್ಪ ಬರುವಷ್ಟರಲ್ಲಿ ಕೌದಿ ಒಳಗೆ ಹೋಗಿತ್ತು. “ಅಕ್ಕ ಗಿಡಾ ಏರಿ ಬಿದ್ದಾಳ್ರಿ ಅಪ್ಪಾ” ಎಂದ. ನಿಜ ಹೇಳಿದರೆ ಅಪ್ಪ ಅವನ ಚರ್ಮ ಸುಲಿಯುತ್ತಾನೆಂದು ನಾನು ಬಾಯಿ ಬಿಡಲಿಲ್ಲ. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಊರಿಗೆ ನಾನು ಮರ ಹತ್ತಿ ಕಾಲು ಮುರಿದುಕೊಂಡ ಗಂಡುಬೀರಿಯಾದೆ. ನೋಡಲು ಬಂದ ವರಗಳು ಚಹಾ ಕುಡಿದು ಎದ್ದುಹೋದರು. ಮದುವೆಯಾಗದ್ದಕ್ಕೆ ನಾನು ಅತ್ತವಳಲ್ಲ. ಅವನು ಒಂದೇ ಒಂದು ಸಲ, ಯಾರೆದುರಿಗಾದರೂ, “ನಾನೇ ಬಿಟ್ಟೆ” ಎನ್ನಬೇಕಿತ್ತು, ಅಷ್ಟೆ.

ಹೋದ ಭಾನುವಾರ ಬೀದರಿನ ಅವನ ಮನೆಯಲ್ಲಿ ಎಲ್ಲರೂ ಕೂತು ಟಿವಿಯಲ್ಲಿ ಅಂಥದ್ದೇ ಸಿನಿಮಾ ನೋಡಿದೆವು. ಕೊನೆಯ ಬೀಳಾಟಗಳು ಬರುತ್ತಿದ್ದಾಗ ಅವನ ಮಗಳು ನನ್ನ ಕಡೆ ತಿರುಗಿದಳು. “ಅತ್ತಿ, ನೀವು ಹ್ಯಾಂಗ ಬಿದ್ದಿದ್ರಿ?”

ತಮ್ಮನೇ ಉತ್ತರ ಕೊಟ್ಟ. “ಬೇವಿನ ಗಿಡಾ ಏರಿದ್ದಳು. ನಿಮ್ಮತ್ತಿ ಏನ್ ಕಮ್ಮಿ ಗಂಡುಬೀರಿ ಇದ್ದಳು?”

ಸಿಟ್ಟು ನೆತ್ತಿಗೇರಿತು. “ಸುಳ್ಳು! ಕೌದಿ ಹಿಡದಾಂವ ನೀ, ಬಿಟ್ಟಾಂವ ನೀ!” ಎಂದು ಮಕ್ಕಳೆದುರಿಗೇ ಕಿರುಚಿದೆ.

“ಯಾವ ಕೌದಿ, ಅಕ್ಕಾ?” ಎಂದ.

ಅವನ ಮುಖವನ್ನೇ ನೋಡಿದೆ. ಸುಳ್ಳು ಹೇಳುವಾಗ ಅವನ ಕಿವಿ ಕೆಂಪಾಗುವುದು ನನಗೆ ಗೊತ್ತು. ಆಗಿರಲಿಲ್ಲ. ಅವನಿಗೆ ನಿಜವಾಗಿಯೂ ಮರೆತುಹೋಗಿತ್ತು.